ತೊಳೆದಷ್ಟೂ ಬರುವ ಲೋಳೆ

ಸಂತೆಕಲ್ಲೂರಿನಲ್ಲಿ ಅಮರಮ್ಮನ ಮನೆ ಎಲ್ಲಿ ಎಂದು ಕೇಳಿದರೆ, ಯಾವ ಅಮರಮ್ಮ ಎಂದು ತಿರುಗಿ ಕೇಳುತ್ತಾರೆ. ಹಣಿಕಿ ಅಮರಮ್ಮ ಎಂದರೆ ಸಣ್ಣ ಮಕ್ಕಳೂ ಕೈ ಮಾಡಿ ತೋರಿಸುತ್ತವೆ. ಹಣಿಕಿ ಹಾಕುವುದು, ಅಂದರೆ ಇಣುಕಿ ನೋಡುವುದು, ಅವಳ ಹುಟ್ಟುಗುಣ. ಇರುವೆಯ ತೂತು ಕಂಡರೆ ನೆಲಕ್ಕೆ ಕೆನ್ನೆ ಹಚ್ಚಿ ನೋಡುವವಳು. ಹಿಟ್ಟಿನ ಗಿರಣಿಯ ಕಲ್ಲು ಬಿಚ್ಚಿದ ದಿನ ಬುಟ್ಟಿ ಕೆಳಗಿಟ್ಟು ಒಳಗೆ ಕತ್ತು ಚಾಚುವವಳು. ಗಂಡ ಬೀರಲಿಂಗ ಕುರಿ ಹಿಂಡಿನ ಹಿಂದೆ ತಿರುಗುತ್ತಿದ್ದವನು, ಊರಿಗೆ ಬಂದಾಗೆಲ್ಲ ನಗುತ್ತಿದ್ದ: "ನೀ ಸತ್ತರ ಕುಣಿ ತೋಡಿದವರನ್ನ ಸರಿಸಿ ಮೊದಲ ಹಣಿಕಿ ಹಾಕಾಕಿ."

ಅವನೇ ಮೊದಲು ಹೋದ. ಅದು ಬೇರೆ ಮಾತು.

ಬೀರಪ್ಪನ ಹಬ್ಬಕ್ಕೆ ಕುರಿ ಕೊಯ್ದರೆ ಬೋಟಿ ತೊಳೆಯುವ ಕೆಲಸ ಮನೆಯ ಸೊಸೆಯದು. ಮದುವೆಯಾಗಿ ಬಂದ ವರ್ಷ ಅತ್ತೆ ಅವಳ ಮುಂದೆ ಬಿಸಿನೀರಿನ ಬೋಗುಣಿ ಇಟ್ಟು, ಕರುಳನ್ನು ಕಡ್ಡಿಗೆ ಪೋಣಿಸಿ ಒಳಮೈ ಹೊರಗೆ ಮಾಡುವುದನ್ನು ತೋರಿಸಿದ್ದಳು. ಅಮರಮ್ಮ ಉಪ್ಪು ಹಾಕಿ ತಿಕ್ಕಿದಳು, ಸುಣ್ಣದ ನೀರು ಹಾಕಿ ತಿಕ್ಕಿದಳು. ತೊಳೆದಷ್ಟೂ ಬೆರಳ ಸಂದಿಯಲ್ಲಿ ಲೋಳೆ ಜಾರುತ್ತಲೇ ಇತ್ತು.

"ಅತ್ತಿ, ಇದು ಎಲ್ಲಿಂದ ಬರಾಕತ್ತೈತಿ?"

"ಹೊಲಸಬೇ ಅದು. ಹೋಗೋತನ ತೊಳಿ."

"ಹೊಲಸು ಅಂದ್ರ ತೊಳದ ಮ್ಯಾಲ ಹೋಗಬೇಕಲ್ಲ. ಇದು ಹೊಸದಾಗಿ ಬರಾಕತ್ತೈತಿ."

"ಬೋಟಿ ಬೇಯೋಕಿಂತ ಮೊದಲ ನನ್ನ ತಲಿ ಬೇಯಿಸಬ್ಯಾಡ," ಎಂದು ಅತ್ತೆ ಎದ್ದು ಹೋಗಿದ್ದಳು.

ಅತ್ತೆ ತೀರಿಕೊಂಡಳು, ಗಂಡ ತೀರಿಕೊಂಡ, ಹಿಂಡು ಮಗ ಹುಲಿಗೇಶನ ಕೈಗೆ ಬಂತು. ಆ ಲೋಳೆಯ ಪ್ರಶ್ನೆ ಮಾತ್ರ ಅಮರಮ್ಮನ ಹತ್ತಿರವೇ ಉಳಿಯಿತು. ಪ್ರತಿ ಹಬ್ಬಕ್ಕೂ ಬೋಟಿ ತೊಳೆಯುವಾಗ ಒಮ್ಮೆ ಎದ್ದು, ಮಸಾಲೆ ಅರೆಯುವ ಹೊತ್ತಿಗೆ ಮಲಗಿಬಿಡುತ್ತಿತ್ತು.

ಹುಲಿಗೇಶನಿಗೆ ಹೆಣ್ಣು ತಂದದ್ದು ಸಿಂಧನೂರು ಕಡೆಯ ವಳಕಮದಿನ್ನಿಯಿಂದ. ಅದು ಕಾಲುವೆಯ ಊರು. ಕಣ್ಣು ಹಾಯುವತನಕ ನೆಲ್ಲು, ಮೂರು ಹೊತ್ತೂ ಅನ್ನ, ಮನೆಗಳಿಗೆಲ್ಲ ಸಿಮೆಂಟಿನ ಸ್ಲಾಬು. ಸೊಸೆ ಪ್ರಿಯಾಂಕಾ ಅಲ್ಲಿಂದ ಜೋಳದ ಊರಿಗೆ, ಮಣ್ಣಿನ ಮಾಳಿಗೆಯ ಮನೆಗೆ ಬಂದಳು.

ಮಣ್ಣಿನ ಮಾಳಿಗೆಗೆ ಒಂದು ಕಟ್ಟಳೆ ಇದೆ. ವರ್ಷವರ್ಷವೂ ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಕೂಡುವ ಮೊದಲು ಮೇಲೆ ಸವಳು ಹಾಸಬೇಕು. ಸವಳು ಎಂದರೆ ಹಳ್ಳದ ದಂಡೆಯಲ್ಲಿ ಸಿಗುವ ಬಿಳಿಚಿದ ಉಪ್ಪುಮಣ್ಣು. ಮೊದಲ ಹನಿ ಬಿದ್ದಾಗ ಅಂಟಾಗಿ, ಇಡೀ ಮಾಳಿಗೆಗೆ ಒಂದೇ ಹಾಳೆಯಂತೆ ಕೂತುಬಿಡುತ್ತದೆ. ಆಮೇಲೆ ಎಷ್ಟು ಹೊಯ್ದರೂ ನೀರು ಕೆಳಗಿಳಿಯುವುದಿಲ್ಲ. ನೋಡುವುದಕ್ಕೆ ಮಾತ್ರ ಬರೀ ಧೂಳು, ಬರೀ ಕಸ.

ಮೊದಲ ಬೇಸಿಗೆಯಲ್ಲಿ ಅಮರಮ್ಮ ತಂಗಿಯ ಮನೆಯ ಮದುವೆಗೆ ಹೋಗಿದ್ದಳು. ಅತ್ತೆ ಬರುವಷ್ಟರಲ್ಲಿ ಮೆಚ್ಚುವಂಥ ಕೆಲಸವೊಂದನ್ನು ಮಾಡಿಟ್ಟಿರಬೇಕೆಂದು ಸೊಸೆಗೆ ಅನ್ನಿಸಿತು. ಮಾಳಿಗೆ ಹತ್ತಿದಳು. ಗರಿಕೆ ಕಿತ್ತಳು, ಸಲಿಕೆಯಿಂದ ಕೆರೆದಳು, ಕಸಬರಿಗೆ ಹಿಡಿದು ಕನ್ನಡಿಯಂತೆ ಗುಡಿಸಿದಳು. ಅಮರಮ್ಮ ಬಂದ ಸಂಜೆಯೇ ಗಾಳಿಯ ಜೊತೆ ಅಡ್ಡಮಳೆಯೊಂದು ಬಂತು. ಹಿಟ್ಟಿನ ಡಬ್ಬಿಯ ಮೇಲೆ, ಹಾಸಿಗೆಯ ಮೇಲೆ, ದೇವರ ಜಗಲಿಯ ಮೇಲೆ ತಟತಟ ಸೋರಿತು. ಊರಿಗೆ ನಗುವುದಕ್ಕೆ ವರ್ಷಕ್ಕಾಗುವಷ್ಟು ಸಾಮಾನು ಸಿಕ್ಕಿತು. ಯಾರಾದರೂ ಕೆಲಸ ಕೆಡಿಸಿದರೆ "ವಳಕಮದಿನ್ನಿಯಾಕಿ ಮಾಳಗಿ ಗುಡಿಸಿದಂಗಾತು" ಎನ್ನುವ ಮಾತೇ ಹುಟ್ಟಿತು.

ಅಮರಮ್ಮ ಬೈಯಲಿಲ್ಲ. ಪಾತ್ರೆ ಒಂದೊಂದಾಗಿ ಹನಿಯ ಕೆಳಗೆ ಇಡುತ್ತಾ, "ಕಸ ಅಲ್ಲಬೇ ಅದು, ಮನಿ ಚರ್ಮ. ಕೆರದು ಒಗದ್ರ ಮನಿಗಿ ನೋವಾಗ್ತೈತಿ," ಎಂದಷ್ಟೇ ಹೇಳಿದಳು. ಪ್ರಿಯಾಂಕಾ ಗೋಡೆಗೆ ಮುಖ ಮಾಡಿ ಅತ್ತಳು. ಅವತ್ತಿನಿಂದ ಇಬ್ಬರಿಗೂ ಹೊಂದಿಕೆ ಬಂತು.

ಮುಂದಿನ ವರ್ಷ ಜೋಳ ರಾಶಿಯಾದ ಮೇಲೆ ಸೊಸೆ ತಂಬಿಗೆ ಹಿಡಿದು ಹಿತ್ತಲಿಗೆ ಓಡುವುದು ಹೆಚ್ಚಾಯಿತು. ಕೇಳಿದರೆ ಏನಿಲ್ಲ ಅತ್ತಿ, ಏನಿಲ್ಲ ಅತ್ತಿ. ಹಣಿಕಿ ಹಾಕುವ ಹೆಂಗಸಿನ ಕಣ್ಣಿಗೆ ಎಷ್ಟು ದಿನ ಮರೆಮಾಡಲಾದೀತು? ಪಾಯಖಾನೆಯ ಕಲ್ಲಿನ ಮೇಲೆ ತೊಳೆದರೂ ಉಳಿದಿದ್ದ ಕೆಂಪು ಒಂದು ದಿನ ಕಂಡೇ ಕಂಡಿತು.

"ಇದೇನಬೇ, ರಕ್ತ?"

"ಮೂಲವ್ಯಾಧಿ ಇರಬೇಕು ಅತ್ತಿ. ನಾಚಿಕಿ ಬಂದು ಹೇಳಲಿಲ್ಲ."

"ಉಷ್ಣ ಏರೈತಿ ತಗೋ. ಒಮ್ಮಿ ಹೊಟ್ಟಿ ತೊಳದುಬಿಟ್ಟರ ಎಲ್ಲಾ ತಣ್ಣಗಾಗ್ತೈತಿ."

ಹೊಟ್ಟೆಯ ಯಾವ ತಕರಾರಿಗೂ ಆ ಮನೆಯಲ್ಲಿ ಮದ್ದು ಒಂದೇ: ಔಡಲೆಣ್ಣೆ, ಅಂದರೆ ಹರಳೆಣ್ಣೆ. ಅಮರಮ್ಮ ಬಿಸಿ ಚಹಾದಲ್ಲಿ ಎಣ್ಣೆ ಹಾಕಿ ಮೂಗು ಹಿಡಿದು ಕುಡಿಸಿದಳು. ಇಡೀ ದಿನ ಬೇಧಿಯಾಯಿತು, ರಕ್ತವೂ ಹೆಚ್ಚಾಯಿತು. ಒಳಗಿನ ಕೆಟ್ಟದ್ದೆಲ್ಲ ಹೊರಗೆ ಬೀಳುತ್ತಿದೆ ಎಂದುಕೊಂಡು ಎಂಟು ದಿನ ಬಿಟ್ಟು ಇನ್ನೊಮ್ಮೆ ಕುಡಿಸಿದಳು. ಹೊಟ್ಟೆ ಕಿವುಚುತ್ತದೆ ಎಂದು ಅತ್ತಾಗ ಹುಲಿಗೇಶ ಮಸ್ಕಿಯ ಅಂಗಡಿಯಿಂದ ನೋವಿನ ಗುಳಿಗೆ ತಂದುಕೊಟ್ಟ. ಹುಡುಗಿ ಬರಬರುತ್ತಾ ಒಣಗಿದ ಸೌತೆಬಳ್ಳಿಯಂತಾದಳು.

ಸುದ್ದಿ ವಳಕಮದಿನ್ನಿಗೆ ಮುಟ್ಟಿತು. ಪ್ರಿಯಾಂಕಾಳ ತಾಯಿ ಗಂಗಾದೇವಿ ಮರುದಿನ ಬೆಳಗಿನ ಬಸ್ಸಿಗೇ ಬಂದಿಳಿದಳು. ಮಗಳ ಮುಂಗೈ ಹಿಡಿದು ನೋಡಿದವಳು ಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ನಿಮ್ಮ ರೊಟ್ಟಿ ನನ್ನ ಮಗಳ ಕರಳು ಕೆರದು ಹಾಕ್ಯಾವ ಯಕ್ಕಾ. ಮೆತ್ತನ್ನ ಅನ್ನ ಉಂಡು ಬೆಳದಾಕಿ ಇಕಿ. ಹಂಚಿನಂಥ ರೊಟ್ಟಿ, ಮ್ಯಾಲ ಕೆಂಪು ಖಾರ. ಹರಕೊಂಡು ಹೋಗ್ಯಾವ."

"ಅದ ರೊಟ್ಟಿ ತಿಂದು ನನ್ನ ಮಗ ಗುಡ್ಡದಂಗ ಅದಾನಲ್ಲರಿ."

"ನಿಮ್ಮ ಮಗಂದು ಕಲ್ಲಿನ ಕರಳು. ನನ್ನ ಮಗಳಿಗೆ ದೇವರು ಮಾಂಸದ್ದು ಕೊಟ್ಟಾನ. ಕರಕೊಂಡು ಹೋಗ್ತೀನಿ, ತಿರುಗಿ ಕಳಸಂಗಿಲ್ಲ."

ಕಳಿಸುವುದಿಲ್ಲ ಎನ್ನುವ ಮಾತಿಗೆ ಹುಲಿಗೇಶ ಕುರಿದೊಡ್ಡಿಯ ಹತ್ತಿರವೇ ನಿಂತುಬಿಟ್ಟ. ಅಮರಮ್ಮನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳ ಎದೆಯಲ್ಲಿ ಕೊರೆಯುತ್ತಿದ್ದದ್ದು ಬೇರೆ: ಹೌದೇನು? ನಾನು ಕೈಯಾರೆ ಬಡಿದು ಹಾಕಿದ ರೊಟ್ಟಿ ಈ ಹುಡುಗಿಯ ಒಳಗೆ ಹೋಗಿ ಕೆರೆಯಿತೇನು?

"ಕರಕೊಂಡು ಹೋಗ್ರಿ," ಎಂದಳು. "ಆದರ ಯಾರೂ ಒಳಗ ಹಣಿಕಿ ಹಾಕಿ ನೋಡದ ಮಾತಾಡಾಕತ್ತೀವಿ. ಲಿಂಗಸುಗೂರಿಗೆ ಗುರುವಾರ, ಶುಕ್ರವಾರ ಹೊಟ್ಟಿ ಡಾಕ್ಟರ್ ಬರ್ತಾನಂತ. ನೋಡಿಸೂಣು. ನನ್ನ ರೊಟ್ಟೀದ ತಪ್ಪು ಅಂದ್ರ ನಾನ ಇಕಿನ್ನ ನಿಮ್ಮ ಮನಿಗೆ ಬಿಟ್ಟು ಬರ್ತೀನಿ. ಅಲ್ಲಂದ್ರ ನೀವು ಆ ಮಾತು ನುಂಗಬೇಕು."

"ನೋಡಿಸ್ರಿ," ಎಂದಳು ಗಂಗಾದೇವಿ. ಆಗ ನೀರು ಕುಡಿದಳು.

ಹೊಟ್ಟೆ ಡಾಕ್ಟರ ಹೆಸರು ವಾಸಿಂ. ಎಳೆಯ ವಯಸ್ಸು, ಮಾತು ಸಾವಕಾಶ. ಮಲದ ತಪಾಸಣೆ, ರಕ್ತದ ತಪಾಸಣೆ ಮಾಡಿಸಿದರು. ಹುಡುಗಿಯನ್ನು ಸೇರಿಸಿಕೊಂಡು, ಔಷಧಿಯ ನೀರು ಕುಡಿಸಿ ಹೊಟ್ಟೆ ಖಾಲಿ ಮಾಡಿಸಿದರು. ಮಾರನೆ ದಿನ ಸಣ್ಣ ದೀಪವೂ ಕ್ಯಾಮರಾವೂ ಇದ್ದ ನಳಿಕೆಯನ್ನು ಕೆಳಗಿನಿಂದ ಒಳಗೆ ಬಿಟ್ಟು ದೊಡ್ಡಕರುಳನ್ನೆಲ್ಲ ನೋಡಿದರು. ಎಲ್ಲ ಮುಗಿದ ಮೇಲೆ ಇಬ್ಬರು ಬೀಗತಿಯರನ್ನೂ ಒಳಗೆ ಕರೆದರು. ಪ್ರಿಯಾಂಕಾ ಪಕ್ಕದ ಮಂಚದ ಮೇಲೆ ಒರಗಿದ್ದಳು.

"ಕ್ಯಾನ್ಸರ್ ಅಲ್ಲ, ಮೂಲವ್ಯಾಧೀನೂ ಅಲ್ಲ. ದೊಡ್ಡಕರಳಿನ ಒಳಮೈ ಉರಿ ಎದ್ದು ಹುಣ್ಣಾಗೈತಿ. ಕೊಲೈಟಿಸ್ ಅಂತೀವಿ. ಚೂರು ತಗದು ತಪಾಸಣಿಗೆ ಕಳಸೀನಿ, ಆದ್ರ ನೋಡಿದ್ರ ಗೊತ್ತಾಗ್ತೈತಿ."

"ನೋಡಿದ್ರ ಅಂದ್ರ? ನಮಗೂ ಕಾಣ್ತೈತೇನ್ರಿ ಸಾಹೇಬ್ರ?"

ಡಾಕ್ಟರು ಕೇಳಿದ ಅಮರಮ್ಮನ ಮುಖ ನೋಡಿದರು. ಆಮೇಲೆ ಪ್ರಿಯಾಂಕಾಳತ್ತ ತಿರುಗಿ, "ತೋರಸಲೇನಮ್ಮಾ?" ಎಂದರು. ಅವಳು ತಲೆಯಾಡಿಸಿದಳು. "ತೋರಸ್ರಿ, ಇಲ್ಲಂದ್ರ ನಮ್ಮತ್ತಿಗೆ ನಿದ್ದಿ ಹತ್ತಂಗಿಲ್ಲ."

ಟಿವಿಯ ಮೇಲೆ ಮೊದಲು ಬಂದದ್ದು ತಿಳಿಗುಲಾಬಿ ಬಣ್ಣದ ಗವಿ. ಒಳಗೋಡೆಯೆಲ್ಲ ಒದ್ದೆಯಾಗಿ ಮಿಣಮಿಣ ಹೊಳೆಯುತ್ತಿತ್ತು. ಎಲೆಯ ಹಿಂಬದಿಯಲ್ಲಿ ಕಾಣುವಂತೆ ಸಣ್ಣ ಸಣ್ಣ ನರಗಳ ಜಾಲ ಕಾಣುತ್ತಿತ್ತು. "ಇದು ಮ್ಯಾಲಿನ ಭಾಗ, ಆರಾಮ ಐತಿ," ಎಂದರು ಡಾಕ್ಟರು. ಚಿತ್ರ ಕೆಳಕೆಳಗೆ ಸರಿಯಿತು. ಹೊಳಪು ಹೋಯಿತು. ಗೋಡೆ ಕೆಂಪಗೆ, ತರಚಿದ ಮೊಣಕಾಲಿನಂತೆ. ಅಲ್ಲಲ್ಲಿ ರಕ್ತದ ಹನಿ, ಅಲ್ಲಲ್ಲಿ ಬಿಳಿಯ ಕೀವು. ಗಂಗಾದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಮರಮ್ಮ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿದ್ದಳು. "ಮೊದಲು ಹೊಳಿತಿತ್ತಲ್ಲರಿ, ಅದು ಲೋಳಿ ಏನ್ರಿ?"

"ನಿಮಗ ಹ್ಯಾಂಗ ಗೊತ್ತು?"

"ಬೋಟಿ ತೊಳದೀನ್ರಿ ಜೀವಮಾನೆಲ್ಲ. ತೊಳದಷ್ಟೂ ಬರ್ತೈತಿ. ಎಲ್ಲಿಂದ ಬರ್ತೈತಿ ಅಂತ ಯಾರೂ ಹೇಳಲಿಲ್ಲ."

ಡಾಕ್ಟರು ನಕ್ಕರು. "ನಮ್ಮ ಅಮ್ಮೀನೂ ಬಕ್ರೀದಿನಾಗ ತೊಳದು ತೊಳದು ಬೈತಾರ. ಅದು ಹೊರಗಿಂದ ಬರಂಗಿಲ್ಲ ಯವ್ವಾ, ಗೋಡಿ ತಾನ ಮಾಡ್ತೈತಿ. ಕರಳಿನ ಗೋಡಿ ಒಳಗ ಕಣ್ಣಿಗೆ ಕಾಣದಷ್ಟು ಸಣ್ಣ ಹೂಜಿಯಂಥವು ಅದಾವು. ಅವುಗಳ ಕೆಲಸ ಅದೊಂದ: ಹಗಲೂ ರಾತ್ರಿ ಲೋಳಿ ಸುರಿಯೋದು. ದೊಡ್ಡಕರಳಿನಾಗ ಅದು ಎರಡು ಪದರ. ಗೋಡಿಗೆ ಹತ್ತಿದ್ದು ಬಿಗಿ, ಮ್ಯಾಲಿಂದು ಸಡಿಲು. ನಮ್ಮ ಹೊಟ್ಟ್ಯಾಗ ಕೋಟಿಗಟ್ಟಲೆ ಸಣ್ಣ ಜೀವ ಅದಾವು. ಅವು ಮ್ಯಾಲಿನ ಸಡಿಲು ಪದರಿನಾಗ ಇರ್ತಾವು. ಬಿಗಿ ಪದರು ದಾಟಿ ಗೋಡಿತನ ಬರಂಗಿಲ್ಲ."

"ಕ್ರಿಮಿ? ಹೊಟ್ಟ್ಯಾಗ ಸಾಕ್ಕೊಂಡೀವೇನ್ರಿ?"

"ನೀವು ಕುರಿ ಸಾಕಿದಂಗ. ಅವು ನಮಗ ಬೇಕು."

ಕುರಿ ಎಂದದ್ದೇ ಅಮರಮ್ಮನ ತಲೆಯಲ್ಲಿ ದೀಪ ಹತ್ತಿತು. ರಾಶಿಯಾದ ಹೊಲದಲ್ಲಿ ಕುರಿ ತರುಬಿಸಿ, ಅಂದರೆ ಮಂದೆ ನಿಲ್ಲಿಸಿ, ಎಂದು ರೈತರೇ ಕರೆಯುತ್ತಾರೆ. ಕೊಯ್ದು ಉಳಿದ ಕೂಳಿ ಮೇಯುತ್ತವೆ, ಹಿಕ್ಕೆ ಹಾಕುತ್ತವೆ, ನೆಲಕ್ಕೆ ಗೊಬ್ಬರ. ಅದೇ ಕುರಿ ಬೇಲಿ ದಾಟಿ ಪಕ್ಕದ ಬೆಳೆಗೆ ನುಗ್ಗಿದರೆ ಬಡಿಗೆ ಹಿಡಿದು ಬರುತ್ತಾರೆ. ಕುರಿ ಅವೇ, ಜಾಗ ಬೇರೆ.

ಅವಳು ಅದನ್ನು ಹೇಳಿದಾಗ ಡಾಕ್ಟರು ಕುರ್ಚಿ ಹತ್ತಿರ ಎಳೆದುಕೊಂಡರು. "ಹಂಗ. ಬೇಲಿ ತೆಳ್ಳಗಾದ್ರ ಅವು ಗೋಡಿಗೆ ಬಂದು ಬೀಳ್ತಾವು. ಮೈ ಕಾಯೋ ಪೊಲೀಸರು ಎದ್ದು ಬಡಿಗಿ ಬೀಸ್ತಾರ. ಏಟು ಕ್ರಿಮಿಗೂ ಬೀಳ್ತೈತಿ, ನಮ್ಮ ಗೋಡಿಗೂ ಬೀಳ್ತೈತಿ. ಗೋಡಿ ಕೆಟ್ಟರ ಲೋಳಿ ಮಾಡೋ ಹೂಜಿ ಕಡಿಮಿ ಆಗ್ತಾವು. ಬೇಲಿ ಇನ್ನಷ್ಟು ತೆಳ್ಳಗ. ಅದ ಸುತ್ತು."

"ಅಂದ್ರ ರೊಟ್ಟಿ ಕೆರದಿಲ್ಲ," ಎಂದಳು ಅಮರಮ್ಮ. ದನಿ ಅವಳಿಗೇ ಸಣ್ಣದಾಗಿ ಕೇಳಿತು.

"ರೊಟ್ಟಿ ಅಲ್ಲಿಗೆ ಮುಟ್ಟೋದರಾಗ ರೊಟ್ಟಿ ಆಗಿ ಉಳದಿರಂಗಿಲ್ಲ. ಈ ಬ್ಯಾನಿ ರೊಟ್ಟಿಯಿಂದ ಬಂದಿಲ್ಲ. ಆರಾಮ ಇದ್ದಾಗ ಜೋಳದ ನಾರು ಆ ಸಣ್ಣ ಜೀವಗಳಿಗೆ ಮೇವು. ಅದನ್ನ ತಿಂದು ಅವು ಗೋಡಿಗೂ ಒಂದಿಷ್ಟು ಆಹಾರ ಮಾಡಿ ಕೊಡ್ತಾವು. ಮೇವು ಸಿಗದಿದ್ರ ಲೋಳೀನ ಮೇಯಾಕ ಹತ್ತತಾವು."

"ಕೂಳಿ ಇಲ್ಲದ ಹೊಲದಾಗ ಕುರಿ ಬೇಲಿ ಸೊಪ್ಪು ತಿಂದಂಗ."

ಗಂಗಾದೇವಿ ಸುಮ್ಮನಿರಲಿಲ್ಲ. "ಹಂಗಾರ ಇವತ್ತ ರೊಟ್ಟಿ ಕೊಡಬಹುದೇನ್ರಿ?"

"ಈಗ ಬ್ಯಾಡ. ಹಸಿ ಗಾಯ ಐತಿ. ಮೆತ್ತನ್ನ ಅನ್ನ, ಹೆಸರುಬ್ಯಾಳಿ ಕಟ್ಟು ಕೊಡ್ರಿ. ಹುಣ್ಣು ಮಾಯ್ದ ಮ್ಯಾಲ ರೊಟ್ಟಿ ಸ್ವಲ್ಪ ಸ್ವಲ್ಪ ಶುರು ಮಾಡ್ರಿ."

"ಅನ್ನ ಚಲೋ ಅಂದಂಗಾತು," ಎಂದಳು ಗಂಗಾದೇವಿ ಗೋಡೆ ನೋಡುತ್ತಾ.

"ಸದ್ಯಕ್ಕ," ಎಂದಳು ಅಮರಮ್ಮ.

ಆಮೇಲೆ ಅವಳು ಕೇಳಲೇಬೇಕಿದ್ದ ಮಾತಿಗೆ ಬಂದಳು. ಔಡಲೆಣ್ಣೆಯ ವಿಷಯ ಹೇಳಿದಳು, ನೋವಿನ ಗುಳಿಗೆಯ ವಿಷಯವನ್ನೂ ಹೇಳಿದಳು. ಡಾಕ್ಟರು ತಲೆ ಅಲ್ಲಾಡಿಸಿದರು. ಎಣ್ಣೆಯಿಂದ ಬೇನೆ ಹುಟ್ಟಿಲ್ಲ, ಆದರೆ ಹಸಿ ಗಾಯದ ಮೇಲೆ ಹಾಗೆ ಬೇಧಿ ಮಾಡಿಸಿದರೆ ಕರುಳು ಇನ್ನೂ ಬಳಲುತ್ತದೆ. ನೋವಿನ ಗುಳಿಗೆಗಳಲ್ಲಿ ಹಲವು ಈ ಬೇಲಿಗೇ ಹಗೆ, ಕೇಳದೆ ತೆಗೆದುಕೊಳ್ಳಬಾರದು ಎಂದರು.

"ನೀವೂ ನಿನ್ನೆ ಹೊಟ್ಟಿ ತೊಳಸಿದ್ರಲ್ಲ?"

"ತೊಳಸೀವಿ. ನೋಡಾಕ ಬೇಕಿತ್ತು, ಒಂದ ಸಲ, ಇಲ್ಲೇ ಮಲಗಿಸಿಕೊಂಡು. ಬ್ಯಾನಿ ಜೋರಿದ್ದರ ಅದನ್ನೂ ಮಾಡತಿರಲಿಲ್ಲ."

ಅಮರಮ್ಮ ಮಂಚದ ಹತ್ತಿರ ಹೋಗಿ ಸೊಸೆಯ ತಲೆಯ ಮೇಲೆ ಕೈಯಿಟ್ಟಳು. "ನೀ ನನ್ನ ಮಾಳಗಿ ಗುಡಿಸಿದಿ, ನಾ ನಿನ್ನ ಹೊಟ್ಟಿ ಗುಡಿಸಿದೆ. ಇಬ್ಬರೂ ಚರ್ಮಾನ ಕಸ ಅಂದ್ವಿ."

ಪ್ರಿಯಾಂಕಾ ನಕ್ಕಳು. ನಕ್ಕರೆ ಹೊಟ್ಟೆ ನೋಯುತ್ತದೆ ಎಂದು ಕೈ ಒತ್ತಿಕೊಂಡು ಮತ್ತೆ ನಕ್ಕಳು.

"ಇನ್ನೊಂದು ಕೇಳ್ತೀನ್ರಿ," ಎಂದಳು ಅಮರಮ್ಮ ಬಾಗಿಲ ಹತ್ತಿರ ನಿಂತು. "ನಮ್ಮ ಮನ್ಯಾಗ ಎಲ್ಲರೂ ಅದ ನೀರು ಕುಡೀತೀವಿ, ಅದ ರೊಟ್ಟಿ ತಿಂತೀವಿ. ಇಕಿ ಬೇಲಿನ ಯಾಕ ತೆಳ್ಳಗಾತು?"

"ಗೊತ್ತಿಲ್ಲ ಯವ್ವಾ. ಹುಟ್ಟಿನಿಂದ ಬಂದದ್ದು ಸ್ವಲ್ಪ ಇರ್ತೈತಿ, ಒಳಗಿನ ಜೀವಗಳು ಏರುಪೇರಾಗಿದ್ದು ಸ್ವಲ್ಪ. ಬೇಲಿ ಮೊದಲು ಕೆಟ್ಟಿತೋ, ಪೊಲೀಸರು ಮೊದಲು ಎದ್ದರೋ, ಅದನ್ನ ದೊಡ್ಡದೊಡ್ಡವರು ಇನ್ನೂ ಹುಡಕಾಕತ್ತಾರ."

ಗೊತ್ತಿಲ್ಲ ಎಂದು ಹೇಳುವ ಡಾಕ್ಟರನ್ನು ಅಮರಮ್ಮ ಮೊದಲ ಸಲ ಕಂಡಿದ್ದಳು. ತನ್ನ ಹಾಗೆ ಅವರೂ ಹಣಿಕಿ ಹಾಕುವವರು ಎಂದು ಅವಳಿಗೆ ಸಮಾಧಾನವಾಯಿತು.

ಹೊರಗೆ ಬಸ್‌ಸ್ಟ್ಯಾಂಡಿನಲ್ಲಿ ಮತ್ತೆ ಎಳೆದಾಟ ಶುರುವಾಯಿತು. ರೊಟ್ಟಿಯ ಮಾತನ್ನು ಗಂಗಾದೇವಿ ನುಂಗಿದ್ದಳು, ಆದರೆ ಅನ್ನದ ಮಾತು ಅವಳ ಕೈಯಲ್ಲಿತ್ತು. ಎರಡೂ ಕಡೆ ಕೇಳಿ ಕೇಳಿ ಕೊನೆಗೆ ಪ್ರಿಯಾಂಕಾ ಹೇಳಿದಳು: "ಇಬ್ಬರೂ ನನ್ನ ಕರಳು ನೋಡಿ ಬಂದ್ರಿ, ನನ್ನ ಬಾಯಿ ಯಾರೂ ಕೇಳವಲ್ಲರಿ. ಹುಣ್ಣು ಮಾಯೋತನ ವಳಕಮದಿನ್ನಿಗೆ ಹೋಗ್ತೀನಿ. ಆರಾಮಾದ್ರ ಮಿರಗದ ಒಳಗ ಬರ್ತೀನಿ."

ಆರಾಮಾದರೆ. ಆ ಮಾತು ಅಮರಮ್ಮನ ಜೊತೆ ಸಂತೆಕಲ್ಲೂರಿನ ಬಸ್ಸು ಹತ್ತಿತು.

ಕೇಳದೆ ಬಿಡಬಾರದು ಎಂದು ಡಾಕ್ಟರು ಬರೆದುಕೊಟ್ಟಿದ್ದ ಗುಳಿಗೆ ನಾಟಿದವು. ರಕ್ತ ನಿಂತಿತು, ಮೈ ತುಂಬುತ್ತಿದೆ ಎಂದು ಫೋನು ಬಂತು. ಆಮೇಲೆ ಫೋನುಗಳು ಕಡಿಮೆಯಾದವು. ಬೇಸಿಗೆ ಬಲಿತಾಗ ಪ್ರಿಯಾಂಕಾಳ ದನಿ ಮತ್ತೆ ಒಣಗಿತ್ತು. "ಮತ್ತ ಕಂಡೈತಿ ಅತ್ತಿ."

ಅಮರಮ್ಮ ಮಸ್ಕಿಗೆ ಆಟೋ, ಮಸ್ಕಿಯಿಂದ ಸಿಂಧನೂರಿಗೆ ಬಸ್ಸು ಹಿಡಿದು ವಳಕಮದಿನ್ನಿ ಮುಟ್ಟಿದಳು. ಕಾಲು ತೊಳೆಯುವ ಮೊದಲೇ ಕೇಳಿದಳು, "ಗುಳಿಗಿ?"

ಗಂಗಾದೇವಿ ತಲೆ ಬಗ್ಗಿಸಿದಳು. "ರಕ್ತ ನಿಂತಿತ್ತಲ್ಲ ಯಕ್ಕಾ. ಆರಾಮಿದ್ದ ಹುಡುಗಿಗೆ ಔಷಧ ಯಾಕಂತ ನಾನ ಬಿಡಿಸಿದೆ."

ಅಮರಮ್ಮ ಅವಳ ಪಕ್ಕ ಕೂತಳು. ಬೈಯುವ ಹಕ್ಕು ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು. "ನಿಮ್ಮದು ಸ್ಲಾಬಿನ ಮನಿ, ನಿಮಗ ತಿಳಿಯಂಗಿಲ್ಲ. ನಾವು ಮಾಳಗಿಗೆ ಸವಳು ಹಾಕೋದು ಯಾವಾಗ ಹೇಳ್ರಿ? ಮಳಿ ಬಂದಾಗಲ್ಲ. ಬಿಸಲಿನಾಗ, ಒಂದು ಹನಿ ಸೋರದ ಇದ್ದಾಗ. ಹೋದ ವರ್ಷ ಸೋರಲಿಲ್ಲಂತ ಈ ವರ್ಷ ಬಿಟ್ಟರ ಮುಗೀತು. ಗುಳಿಗಿ ಅಂದ್ರ ಸವಳು ಅಂತ ತಿಳಕೋರಿ."

ಗಂಗಾದೇವಿ ಕತ್ತೆತ್ತಿ ತನ್ನ ಮನೆಯ ಸ್ಲಾಬು ನೋಡಿದಳು. "ಡಾಕ್ಟರ್ ಹಿಂಗ ಹೇಳಿದ್ದರ ತಿಳೀತಿತ್ತು," ಎಂದಳು.

"ಅವರು ಹೇಳಿದ್ರು. ನೀವು ಅನ್ನದ ಮಾತಷ್ಟ ಕೇಳಿಸ್ಕೊಂಡ್ರಿ."

ಮುಂದಿನ ಗುರುವಾರ ಮೂವರೂ ಮತ್ತೆ ಲಿಂಗಸುಗೂರಿಗೆ ಹೋದರು. ಡಾಕ್ಟರು ಗುಳಿಗೆ ಮತ್ತೆ ಶುರು ಮಾಡಿಸಿದರು. ಸಲ ಸಲಕ್ಕೂ ಬಂದು ತೋರಿಸಬೇಕು, ಇದು ಕಿತ್ತು ಹಾಕುವ ಬೇನೆಯಲ್ಲ, ಕಾಯ್ದುಕೊಂಡು ಹೋಗುವ ಬೇನೆ ಎಂದರು.

ಮಿರಗಕ್ಕೆ ಮುಂಚಿನ ರೋಹಿಣಿ ಮಳೆಯ ಕೊನೆಗೆ ಪ್ರಿಯಾಂಕಾ ಬಂದಳು. ಯಾರೂ ಕರೆಯಲು ಹೋಗಿರಲಿಲ್ಲ. ಶೇರ್ ಆಟೋದಿಂದ ಇಳಿದು ತಾನೇ ಚೀಲ ಹೊತ್ತು ತಂದಳು. ಅಂಗಳದಲ್ಲಿ ಹುಲಿಗೇಶ ಸವಳಿನ ಬುಟ್ಟಿ ತುಂಬುತ್ತಿದ್ದ. ಹೆಂಡತಿಯನ್ನು ನೋಡಿದವನು ಬುಟ್ಟಿಯನ್ನು ಅವಳ ಕಡೆ ಸರಿಸಿದ.

"ಗುಡಸಾಕ ಬಂದೀಯೇನಬೇ?" ಅಮರಮ್ಮ ಮಾಳಿಗೆಯ ಮೇಲಿನಿಂದ ಕೇಳಿದಳು.

"ಹಾಸಾಕ ಬಂದೀನಿ ಅತ್ತಿ."

ಸಂಜೆಯತನಕ ಇಬ್ಬರೂ ಮಣ್ಣು ಹಾಸಿದರು. ಊಟಕ್ಕೆ ಕೂತಾಗ ಪ್ರಿಯಾಂಕಾ ಅನ್ನ ಹಾಕಿಸಿಕೊಂಡು, ಆಮೇಲೆ ರೊಟ್ಟಿಯ ಬುಟ್ಟಿಯ ಕಡೆ ನೋಡಿದಳು. ಡಾಕ್ಟರು ಇನ್ನು ಶುರು ಮಾಡಬಹುದು ಎಂದಿದ್ದರಂತೆ. ಅಮರಮ್ಮ ಒಲೆಯ ಮೇಲಿದ್ದ ಬಿಸಿ ರೊಟ್ಟಿಯಲ್ಲಿ ಅಂಗೈಯಷ್ಟು ಮುರಿದು, ಹಾಲಿನಲ್ಲಿ ನೆನೆಸಿ, ಅದು ಮೆತ್ತಗಾಗುವತನಕ ಬೆರಳಿನಿಂದ ಒತ್ತಿ ಒತ್ತಿ ನೋಡಿ ಕೊಟ್ಟಳು. ಸೊಸೆ ನುಂಗಿದಾಗ ಅತ್ತೆಯ ಗಂಟಲೂ ನುಂಗಿತು.

ಬೆಳಗ್ಗೆ ಪ್ರಿಯಾಂಕಾ ತಂಬಿಗೆ ಹಿಡಿದು ಹಿತ್ತಲಿಗೆ ಹೋದಳು. ಅಮರಮ್ಮ ಕಸಬರಿಗೆ ಹಿಡಿದು ಅದೇ ದಾರಿಯಲ್ಲಿ ಗುಡಿಸಿದ ಜಾಗವನ್ನೇ ಗುಡಿಸುತ್ತಿದ್ದಳು.

"ಹಣಿಕಿ ಹಾಕಬ್ಯಾಡ್ರಿ ಅತ್ತಿ," ಒಳಗಿನಿಂದ ದನಿ ಬಂತು. "ನಾನ ಹೇಳ್ತೀನಿ. ಕೆಂಪು ಇಲ್ಲ."

"ಲೋಳಿ?"

"ಅದನ್ನೂ ಹೇಳಬೇಕೇನು?"

"ಹೇಳಬೇಕು. ಡಾಕ್ಟರ್‌ನ ಕೇಳೋದೈತಿ," ಎಂದಳು ಅಮರಮ್ಮ. ಮಾಳಿಗೆಯ ಮೇಲೆ ಮೊದಲ ಹನಿ ಟಪ್ಪೆಂದಿತು. ಅವಳು ಒಳಗೆ ಹೋಗಿ ಜಂತಿಯ ಕಡೆ ಮುಖವೆತ್ತಿ, ಅಲ್ಲಿ ಹಣಿಕಿ ಹಾಕುತ್ತಾ ನಿಂತಳು.